ದೊಡ್ಡವರಿಗೆ ಮಾತ್ರ

‘ವಯಸ್ಕರಿಗೆ ಮಾತ್ರ’ ಎಂಬ ಮಾತನ್ನು ನಮ್ಮ ಕಾಲದ ಹುಡುಗಿಯರು ಓದುತ್ತಿದ್ದುದು ಸಿನಿಮಾ ಪೋಸ್ಟರಿನ ಮೂಲೆಯಲ್ಲಿ. ಓದಿದ ಕೂಡಲೇ ತಲೆ ತಗ್ಗಿಸಿ ಬೇಗ ಬೇಗ ನಡೆದುಬಿಡಬೇಕು. ಅದು ಮರ್ಯಾದೆ. ಈಗ ಆ ಮಾತು ನೀರಿಗೂ ಇಳಿದಿದೆ. ಗೋವಾದ ಮಾಂಡವಿ ನದಿಯಲ್ಲಿ ನಿಂತಿರುವ ಜೂಜಿನ ಹಡಗುಗಳಲ್ಲಿ ಆಡುವವರೆಲ್ಲ ದೊಡ್ಡವರೇ. ಹೊರದೇಶಗಳಲ್ಲಂತೂ ಮಕ್ಕಳನ್ನು ಮನೆಯಲ್ಲಿ ಬಿಟ್ಟು, ದೊಡ್ಡವರಷ್ಟೇ ದೋಣಿ ಹತ್ತಿ, ಹಾಡು ಹಾಕಿಕೊಂಡು ಇಡೀ ದಿನ ಕೆರೆಯ ಮೇಲೆ ಕುಣಿದು ಬರುತ್ತಾರಂತೆ. ನಮ್ಮ ಬಳ್ಳಾರಿಯ ಬಿಸಿಲಿನಲ್ಲಿ ಕೂತು ಇದನ್ನು ಕೇಳಿದರೆ ಮೊದಲು ಆಗುವುದು ಬಾಯಾರಿಕೆ.

ಆದರೂ 2024ರ ಡಿಸೆಂಬರಿನಲ್ಲಿ ನಾವು ಏಳು ಮಂದಿ ಟೀಚರುಗಳು ಅಂಥದೇ ಒಂದು ಪ್ರವಾಸ ಮಾಡಿದೆವು. ಮಕ್ಕಳಿಲ್ಲ, ಮೊಮ್ಮಕ್ಕಳಿಲ್ಲ, ಯಜಮಾನರಿಲ್ಲ. ಮುಖ್ಯವಾಗಿ ವಿದ್ಯಾರ್ಥಿಗಳಿಲ್ಲ. ಇದರ ಸುಖ ಬೇರೆಯವರಿಗೆ ತಿಳಿಯುವುದು ಕಷ್ಟ. ನಾನು ಮಕ್ಕಳನ್ನು ಕರೆದುಕೊಂಡು ಹಂಪಿಗೆ ಹೋದದ್ದು ಹನ್ನೆರಡು ಸಲ. ಕಲ್ಲಿನ ರಥ ಹೇಗಿದೆ ಎಂದು ಕೇಳಿದರೆ ಪಠ್ಯಪುಸ್ತಕ ನೋಡಿಯೇ ಹೇಳಬೇಕು. ಅಲ್ಲಿ ನಾನು ನೋಡಿದ್ದು ತಲೆಗಳನ್ನು. ಬಸ್ಸು ಹತ್ತುವಾಗ ಐವತ್ತೆರಡು, ಇಳಿಯುವಾಗ ಐವತ್ತೆರಡು. ನಡುವೆ ಐವತ್ತೊಂದಾದರೆ ಎದೆ ಧಸಕ್ಕೆನ್ನುತ್ತದೆ. ಟೀಚರಿಗೆ ಪ್ರವಾಸವೆಂದರೆ ಲೆಕ್ಕದ ಪಾಠ.

ಹೋದದ್ದು ಸಾಣಾಪುರದ ಕೆರೆಗೆ. ಗಂಗಾವತಿ ತಾಲ್ಲೂಕು, ಆನೆಗೊಂದಿಯ ಹತ್ತಿರ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಗುಡ್ಡಗಳ ನಡುವೆ ನಿಂತು ಆದ ಕೆರೆ. 2023ರ ಜೂನ್ 11ರಿಂದ ಸರಕಾರಿ ಬಸ್ಸಿನಲ್ಲಿ ನಮಗೆ ಸೊನ್ನೆ ಟಿಕೇಟು ಬಂದಿದೆಯಲ್ಲ, ಬಳ್ಳಾರಿಯಲ್ಲಿ ಬೆಳಗಿನ ಗಂಗಾವತಿ ಬಸ್ಸು ಹತ್ತಿದೆವು. ಕುರುಗೋಡಿನಲ್ಲಿ ಏಳನೆಯವರು ಹತ್ತಿಕೊಂಡರು. ದೊಡ್ಡಬಸವೇಶ್ವರನಿಗೆ ಕಾಯಿ ಒಡೆಸಿಕೊಂಡು, ಪ್ರಸಾದವನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದರು. ಕಂಪ್ಲಿ ದಾಟುವಾಗ ಸೇತುವೆಯ ಕೆಳಗೆ ಹೊಳೆ ಸಾಧುವಾಗಿ ಹರಿಯುತ್ತಿತ್ತು.

ನಾನು ಸಿರುಗುಪ್ಪದವಳು. ಈ ಹೊಳೆಯನ್ನು ನಮ್ಮ ಕಡೆಯ ಹೆಂಗಸರು ಎರಡೇ ಬಗೆಯಲ್ಲಿ ಬಲ್ಲರು: ಅನ್ನ ಮತ್ತು ಅಂಜಿಕೆ. 1953ರಲ್ಲಿ ನಿಂತ ಅಣೆಕಟ್ಟಿನ ಕಾಲುವೆ ನಮ್ಮೂರ ಎರೆಹೊಲವನ್ನು ಭತ್ತದ ಗದ್ದೆ ಮಾಡಿತು. 2024ರ ಆಗಸ್ಟ್ 10ರ ರಾತ್ರಿ ಅದೇ ಅಣೆಕಟ್ಟಿನ 19ನೇ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋದಾಗ, ತಾತ್ಕಾಲಿಕ ಗೇಟು ಕೂರಿಸುವವರೆಗಿನ ಆ ವಾರ ನನ್ನ ತವರಿನವರು ಕಣ್ಣುಮುಚ್ಚಲಿಲ್ಲ. ಬಟ್ಟೆ ಒಗೆಯಲು, ಗಂಗಮ್ಮನಿಗೆ ಬಾಗಿನ ಬಿಡಲು ನಾವು ನೀರಿಗಿಳಿದಿದ್ದೇವೆ. ಸುಮ್ಮನೆ ಆಡಲು ಇಳಿದವರನ್ನು ನನ್ನ ಅವ್ವನ ಕಾಲದಲ್ಲಿ ಯಾರೂ ಕಂಡಿರಲಿಲ್ಲ.

ಕೆರೆಯಲ್ಲಿ ಸಿಕ್ಕಿದ್ದು ಹರಿಗೋಲು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇದನ್ನು ಕಂಡು ಬರೆದಿಟ್ಟಿದ್ದಾನೆ: ಬುಟ್ಟಿಯಂತೆ ಗುಂಡಗೆ, ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದಿಪ್ಪತ್ತು ಮಂದಿ ಕೂಡುತ್ತಾರೆ, ಕುದುರೆ ಎತ್ತುಗಳನ್ನೂ ದಾಟಿಸುತ್ತಾರೆ ಎಂದು. ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ಕು ಬಂದಿದೆ; ಗುಂಡಗಿನ ಆಕಾರ ಹಾಗೇ ಇದೆ. ಮೂಲೆಯಿಲ್ಲದ ಈ ವಾಹನದಲ್ಲಿ ಹಿರಿಯರಿಗೊಂದು ಕಡೆ, ಕಿರಿಯರಿಗೊಂದು ಕಡೆ ಎಂಬುದಿಲ್ಲ. ಎಲ್ಲರೂ ಸುತ್ತ ಕೂತು ಒಬ್ಬರ ಮುಖ ಒಬ್ಬರು ನೋಡಬೇಕು.

ನಮ್ಮದು ಎರಡೇ ನಿಯಮ: ಫೋನು ಚೀಲದಲ್ಲಿ, ಮನೆಯ ಸುದ್ದಿ ದಡದಲ್ಲಿ. ಹೊಟ್ಟೆಗೆ ಮಂಡಾಳು ಒಗ್ಗರಣಿ, ರೊಟ್ಟಿ, ಶೇಂಗಾ ಹಿಂಡಿ, ಮೊಸರನ್ನ. ಅಮಲಿಗೆ ಮಸಾಲೆ ಮಜ್ಜಿಗೆ. ಕೆರೆಯ ನಡುವೆ ಹುಟ್ಟು ಹಾಕುವ ಹುಡುಗ “ತಿರುಗಸ್ಲೇನ್ರೀ ಅಮ್ಮಾರೆ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಗರಗರ ತಿರುಗಿಸಿದ. ಏಳು ಮಂದಿಯೂ ಚೀರಿದೆವು. ತರಗತಿಯಲ್ಲಿ ‘ಸೈಲೆನ್ಸ್’ ಎಂದು ಕೂಗಿ ಕೂಗಿ ಒರಟಾದ ಗಂಟಲುಗಳಿಂದ ಎಂಥ ಸಣ್ಣ ಹುಡುಗಿಯರ ದನಿ ಬಂತು ಅಂತೀರಿ! ಕುರುಗೋಡಿನವರು ಮಾತ್ರ ಚೀರಿ ಮುಗಿಸಿದ ಮೇಲೂ ನಗುತ್ತಲೇ ಇದ್ದರು. ಕಣ್ಣಲ್ಲಿ ನೀರು ಬಂತು, ನಗು ನಿಲ್ಲಲಿಲ್ಲ. ಅವರ ಯಜಮಾನರು ಹೋಗಿ ಹನ್ನೊಂದು ವರ್ಷ. “ನನಗಿನ್ನಾ ನಗಾಕ ಬರ್ತೈತಿ ನೋಡ್ರೀ” ಎಂದರು, ಕಳೆದುಹೋಗಿದ್ದ ಸಾಮಾನು ಸಿಕ್ಕವರ ಹಾಗೆ.

ವರ್ಷಕ್ಕೊಮ್ಮೆ ಬರೋಣವೆಂದು ಅಂದೇ ಮಾತಾಯಿತು. ಆದರೆ 2025 ಒಳ್ಳೆಯ ಸುದ್ದಿ ತರಲಿಲ್ಲ. ಫೆಬ್ರವರಿಯಲ್ಲಿ ಸಾಣಾಪುರದ ಹತ್ತಿರ ಬಂಡೆಯಿಂದ ಹೊಳೆಗೆ ಧುಮುಕಿದ ಹೈದರಾಬಾದಿನ ಯುವ ವೈದ್ಯೆ ಹೆಣವಾಗಿ ಸಿಕ್ಕರು. ಮಾರ್ಚ್ 6ರ ರಾತ್ರಿ ಅಲ್ಲಿಯ ಕಾಲುವೆಯ ಬಳಿ ಒಬ್ಬ ಇಸ್ರೇಲಿ ಪ್ರವಾಸಿ ಮತ್ತು ಹೋಮ್‌ಸ್ಟೇ ನಡೆಸುವ ನಮ್ಮ ನಾಡಿನ ಹೆಣ್ಣುಮಗಳ ಮೇಲೆ ಅತ್ಯಾಚಾರ ನಡೆಯಿತು. ಜೊತೆಗಿದ್ದ ಮೂವರು ಗಂಡಸರನ್ನು ಕಾಲುವೆಗೆ ತಳ್ಳಿದರು; ಒಡಿಶಾದ ಒಬ್ಬರು ಬದುಕಲಿಲ್ಲ.

ಎರಡನೆಯ ಪ್ರವಾಸದ ಮಾತೆತ್ತಿದಾಗ ಏಳೂ ಮನೆಗಳಲ್ಲಿ ಒಂದೇ ದನಿ: ಬ್ಯಾಡ. ಕುರುಗೋಡಿನವರ ಮಗ, ಅವರ ಕೈಯಲ್ಲೇ ಅಕ್ಷರ ಕಲಿತವನು, “ಈ ವಯಸ್ಸಿನಾಗ ನಿನಗ ಇದೆಲ್ಲಾ ಯಾಕಬೇ? ನಾನು ಹೂಂ ಅನ್ನಂಗಿಲ್ಲ” ಎಂದನಂತೆ. ಮೂವತ್ತು ವರ್ಷ ಮಕ್ಕಳ ಪ್ರವಾಸಕ್ಕೆ ತಂದೆತಾಯಿಗಳ ಒಪ್ಪಿಗೆ ಪತ್ರ ಕೇಳಿ ಪಡೆದವರು ಈಗ ಮಗನ ಒಪ್ಪಿಗೆ ಪತ್ರ ತರಬೇಕಾಯಿತು.

ಅಂಜಿಕೆ ಸುಳ್ಳೆಂದು ನಾನು ಹೇಳುವುದಿಲ್ಲ. ನೀರು ಯಾರ ಸಂಬಂಧಿಯೂ ಅಲ್ಲ. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿ ಕೆರೆಯಲ್ಲಿ ದೋಣಿ ಮಗುಚಿ 45 ಪ್ರವಾಸಿಗರು ಸತ್ತರು. ಅದಕ್ಕೆ ಮದ್ದೆಂದರೆ ಎಲ್ಲರಿಗೂ ಜಾಕೀಟು, ಹರಿಗೋಲಿಗೆ ಮಿತಿಮೀರದ ಜನ, ಕತ್ತಲಾಗುವ ಮೊದಲೇ ಬಸ್ ನಿಲ್ದಾಣ. ಕಾಲುವೆ ದಂಡೆಯ ಪಾಪಕ್ಕೆ ಮದ್ದು ದೀಪ ಮತ್ತು ಪೊಲೀಸರು. ಎರಡಕ್ಕೂ ಅಡುಗೆಮನೆಯ ಬಾಗಿಲಿಗೆ ಚಿಲಕ ಹಾಕುವುದು ಮದ್ದಾಗಲಾರದು. ಅಪಾಯ ತಂದವರು ಯಾರೋ, ಮನೆಯಲ್ಲಿ ಕೂಡಬೇಕಾದವರು ನಾವು. ಈ ಲೆಕ್ಕವನ್ನು ನನ್ನ ಏಳನೇ ತರಗತಿಯ ಹುಡುಗಿಯೂ ತಪ್ಪೆಂದು ಹೇಳಿಯಾಳು.

ಕುರುಗೋಡಿನವರು ಜಗಳ ಮಾಡಲಿಲ್ಲ. ಸರಕಾರಿ ಕಾಗದಗಳಲ್ಲಿ ಎರಡು ಬಗೆ ಉಂಟು ನೋಡಿ: ‘ಮಂಜೂರಾತಿಗಾಗಿ’ ಮತ್ತು ‘ಮಾಹಿತಿಗಾಗಿ’. ಅವರು ಶಾಲೆಯ ದುಂಡು ಅಕ್ಷರದಲ್ಲಿ ಒಂದು ಹಾಳೆ ಬರೆದರು. ಹೋಗುವ ದಿನ, ಬಸ್ಸು, ಹೋಗುವ ಏಳು ಮಂದಿಯ ಹೆಸರು, ಜಾಕೀಟು ಹಾಕಿಕೊಳ್ಳುವ ಮಾತು, ಸಂಜೆ ಏಳಕ್ಕೆ ಮನೆ ಸೇರುವ ಮಾತು. ಮಗನ ಹೆಸರಿಗೆ ಬರೆದು, ಮೇಲೆ ‘ಮಾಹಿತಿಗಾಗಿ’ ಎಂದು ಅಡಿಗೆರೆ ಎಳೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು. ಅವನು ಎರಡು ದಿನ ಓಡಾಡುತ್ತ ಓದಿದನಂತೆ. ಮೂರನೆಯ ದಿನ ಅದರ ಕೆಳಗೆ ತನ್ನ ಫೋನ್ ನಂಬರು ಬರೆದು, “ಏನರ ಆದ್ರ ಮೊದಲು ನನಗ ಮಾಡು” ಎಂದು ಸೇರಿಸಿದ್ದನಂತೆ.

ಆ ಹಾಳೆಯ ಒಂದೊಂದು ಪ್ರತಿ ಈಗ ನಮ್ಮೆಲ್ಲರ ಮನೆಯಲ್ಲೂ ಇದೆ.