ನಿಧಿದ್ವೀಪದ ಮನೆಗಳು

ಸ್ಯಾನ್‌ಫ್ರಾನ್ಸಿಸ್ಕೋ ನಗರದ ಹಡಗುಕಟ್ಟೆಯಿಂದ ಹೊರಟ ಸಣ್ಣ ದೋಣಿಯು ಸುಮಾರು ಹತ್ತು ನಿಮಿಷಗಳಲ್ಲಿ ನಮ್ಮನ್ನು ಟ್ರೆಷರ್ ಐಲೆಂಡಿಗೆ ತಂದಿಳಿಸಿತು. ನಿಧಿದ್ವೀಪವೆಂದು ಆ ಹೆಸರಿನ ಅರ್ಥ. ಇದು ಪ್ರಕೃತಿನಿರ್ಮಿತವಾದ ದ್ವೀಪವಲ್ಲ. ೧೯೩೯ರ ಮಹಾಪ್ರದರ್ಶನಕ್ಕಾಗಿ ಕೊಲ್ಲಿಯ ತಳದ ಮರಳನ್ನೆತ್ತಿ ಮನುಷ್ಯರೇ ತುಂಬಿ ಮಾಡಿದ ನೆಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ನೌಕಾಸೈನ್ಯವು ಇಲ್ಲಿ ಬೀಡುಬಿಟ್ಟಿತು. ೧೯೯೭ರಲ್ಲಿ ಆ ಠಾಣೆಯು ಮುಚ್ಚಲ್ಪಟ್ಟಿತು.

ದಡದಲ್ಲಿ ಹೊಸ ಮಹಲುಗಳು ಎದ್ದಿವೆ. ಮುಂದೆ ನಡೆದರೆ ನಾವಿಕರ ಸಂಸಾರಗಳಿಗೆಂದು ಕಟ್ಟಿದ್ದ ಹಳೆಯ ಮನೆಗಳು. ಠಾಣೆಯು ಮುಚ್ಚಿದ ಮೇಲೆ ಅಲ್ಲಿ ಬಾಡಿಗೆಗೆ ಬಂದು ನೆಲಸಿದವರಲ್ಲಿ ಹಲವರು ಬಡವರು. ಕೆಲವರು ಹಿಂದೆ ಮನೆಮಠವಿಲ್ಲದೆ ಅಲೆದವರು. ದ್ವೀಪದಲ್ಲಿ ೮,೦೦೦ ಹೊಸ ಮನೆಗಳನ್ನು ಕಟ್ಟುವ ಯೋಜನೆಯಲ್ಲಿ ಇವರ ಗತಿಯೇನು?

ಮುಚ್ಚಿದ ಸೈನಿಕ ಠಾಣೆಯ ಭೂಮಿಯ ವಿಚಾರದಲ್ಲಿ ಮನೆಯಿಲ್ಲದವರ ಅವಶ್ಯಕತೆಯನ್ನೂ ಗಣಿಸತಕ್ಕದ್ದೆಂದು ಅಮೆರಿಕದ ೧೯೯೪ರ ಶಾಸನವು ವಿಧಿಸಿತು. ಇಲ್ಲಿಯ ಯೋಜನೆಯಂತೆ ನೂರಕ್ಕೆ ೨೭ಕ್ಕೂ ಹೆಚ್ಚು ಮನೆಗಳು ಪೇಟೆಯ ದರಕ್ಕಿಂತ ಕಡಿಮೆಗೆ ದೊರೆಯಬೇಕು. ಅದಕ್ಕೆ ಹಣವೆಲ್ಲಿಂದ? ಹೊಸ ಮನೆಗಳು ಎದ್ದಂತೆ ಆಸ್ತಿತೆರಿಗೆಯ ಹುಟ್ಟುವಳಿಯೂ ಏರುತ್ತದೆ. ಆ ಏರಿಕೆಯಲ್ಲಿ ಯೋಜನೆಗೆ ಸಲ್ಲುವ ಪಾಲನ್ನು ಭಾಗಿಸಿ, ನೂರಕ್ಕೆ ೮೨.೫ನ್ನು ಬೀದಿ, ನೀರು ಮೊದಲಾದ ಕಾಮಗಾರಿಗಳಿಗೂ ೧೭.೫ನ್ನು ಇಂಥ ಮನೆಗಳಿಗೂ ಮೀಸಲಿಡುತ್ತಾರೆ. ಅಡಿಗೆಗೆ ಅಕ್ಕಿಯನ್ನು ಅಳೆಯುವಾಗಲೇ ಒಂದು ಹಿಡಿಯನ್ನು ದಾನಕ್ಕೆಂದು ಬೇರೆ ತೆಗೆದಿಡುವ ಗೃಹಿಣಿಯ ನೇಮದಂತೆಯೇ ಇದು.

ಆದರೆ ಅಕ್ಕಿಯೇ ಮನೆಗೆ ಬಾರದಿದ್ದರೆ ಹಿಡಿಯೆಲ್ಲಿಯದು? ಸಿರಿವಂತರ ಮಹಲುಗಳು ಎದ್ದಲ್ಲದೆ ತೆರಿಗೆಯು ಏರದು. ತೆರಿಗೆಯು ಏರದೆ ಮೀಸಲು ತುಂಬದು. ಮನೆಗಳ ವ್ಯಾಪಾರವು ಮಂದವಾದರೆ ಬಡವನೂ ಕಾಯಬೇಕು. ಆದಕಾರಣ ಸರ್ಕಾರದ ಇತರ ಸಹಾಯಧನಗಳನ್ನೂ ಕೂಡಿಸಿಕೊಂಡೇ ಇಂಥ ಮನೆಗಳನ್ನು ಕಟ್ಟಬೇಕಾಗಿದೆ.

ಹಾಗೆ ಕಟ್ಟಿದುದರ ಫಲವನ್ನೂ ಕಣ್ಣಾರೆ ಕಂಡೆವು. ೨೦೨೩ರಲ್ಲಿ ತೆರೆದ ‘ಮೇಸಿಯೋ ಮೇ’ ಎಂಬ ಕಟ್ಟಡದಲ್ಲಿ ೧೦೫ ಮನೆಗಳುಂಟು. ನೆಲೆಯಿಲ್ಲದೆ ಬಳಲಿದ ಮಾಜಿ ಸೈನಿಕರಿಗೆಂದೇ ಅದನ್ನು ಕಟ್ಟಿದರು. ಸೈನ್ಯವು ಬಿಟ್ಟುಹೋದ ನೆಲದಲ್ಲಿ ಸೈನಿಕನಿಗೊಂದು ಸೂರು ದೊರೆತುದನ್ನು ನೋಡಿ ಮನಸ್ಸು ತಣಿಯಿತು.

ಹಿಂದಿರುಗುವ ಮೊದಲು ಹಳೆಯ ಬೀದಿಯಲ್ಲಿ ಮತ್ತೊಮ್ಮೆ ನಡೆದೆವು. ಕಿಟಕಿಗಳಲ್ಲಿ ದೀಪ ಹತ್ತಿತ್ತು. ಅಂಗಳದಲ್ಲಿ ಮಕ್ಕಳು ಆಡುತ್ತಿದ್ದರು. ೨೦೧೧ರ ಒಪ್ಪಂದಕ್ಕೆ ಮೊದಲೇ ನೆಲಸಿದ್ದ ಅರ್ಹ ಬಾಡಿಗೆದಾರರಿಗೆ ಬದಲಿ ಮನೆ ಕೊಡಬೇಕೆಂಬ ನಿಯಮವುಂಟು. ಆಮೇಲೆ ಬಂದವರಿಗೆ ಅಷ್ಟು ಭದ್ರತೆಯಿಲ್ಲ. ಒಂದೇ ಅಂಗಳದಲ್ಲಿ ಆಡುವ ಆ ಮಕ್ಕಳಿಗೆ ಈ ಭೇದವು ತಿಳಿಯದು. ತಿಳಿಯುವ ಪ್ರಸಂಗವೇ ಅವರಿಗೆ ಬಾರದಿರಲೆಂದು ಹಾರೈಸುತ್ತ ದೋಣಿಯನ್ನೇರಿದೆವು.