ಇಂಗ್ಲೆಂಡಿನ ನರ್ಸ್ ಡೈರಿ – 14: ಗುರುವಾರ ರಾತ್ರಿಯ ಚರ್ಚೆ

ಹೋದ ವಾರ ಬರೆಯೋಕಾಗಲಿಲ್ಲ, ನಾಲ್ಕು ನೈಟ್ ಡ್ಯೂಟಿ ಸಾಲಾಗಿ ಬಿದ್ದಿತ್ತು.

ಊರಿಗೆ ಫೋನ್ ಮಾಡಿದಾಗೆಲ್ಲ ಅಪ್ಪನ ದನಿಗಿಂತ ಮೊದಲು ಟೀವಿ ದನಿ ಕೇಳಿಸುತ್ತೆ. ಆರು ಚೌಕದಲ್ಲಿ ಆರು ಜನ, ಎಲ್ಲರೂ ಒಟ್ಟಿಗೇ ಕೂಗೋದು. "ಸೌಂಡ್ ಕಡಿಮೆ ಮಾಡಪ್ಪ" ಅಂದ್ರೆ "ತಡಿ, ಈಗ ಬಿಸಿ ಆಗಿದೆ" ಅಂತಾರೆ.

ಇಲ್ಲೂ ಅಂಥದ್ದೊಂದಿದೆ, ಬಿಬಿಸಿಯ 'ಕ್ವೆಶ್ಚನ್ ಟೈಮ್'. 1979ರಿಂದ ನಡೀತಿದೆ. ಗುರುವಾರ ಬಂತಂದ್ರೆ ಒಂದೊಂದು ಊರಿಗೆ ಹೋಗಿ ರಾಜಕಾರಣಿಗಳನ್ನ ಕೂರಿಸ್ತಾರೆ. ಪ್ರಶ್ನೆ ಕೇಳೋರು ಮಾತ್ರ ಎದುರಿಗೆ ಕೂತ ಊರ ಜನ. 2017ರ ಚುನಾವಣೆ ಹೊತ್ತಲ್ಲಿ ಯಾರ್ಕ್ ನಗರದಲ್ಲಿ ಒಬ್ಬ ನರ್ಸ್, ನಮ್ಮ ಸಂಬಳ ಯಾಕೆ ಏರಿಲ್ಲ ಅಂತ ಪ್ರಧಾನಿ ತೆರೇಸಾ ಮೇ ಅವರನ್ನೇ ಕೇಳಿದ್ರು. ದುಡ್ಡು ಉದುರಿಸೋ ಮಾಯದ ಮರ ಯಾವುದೂ ಇಲ್ಲ ಅನ್ನೋ ಅರ್ಥದ ಉತ್ತರ ಬಂತು. ನಮ್ಮ ಸ್ಟಾಫ್ ರೂಮಲ್ಲಿ ಆ ಮರ ಇನ್ನೂ ಒಣಗಿಲ್ಲ!

ಆದರೆ ಜನ ಕೇಳೋದೆಲ್ಲ ಕಿವಿಗೆ ಹಿತ ಅಂತಲ್ಲ. 2024ರ ಜೂನ್‌ನಲ್ಲಿ ಒಬ್ಬ ಅಜ್ಜನಿಗೆ ಬಿಪಿ ನೋಡ್ತಿದ್ದೆ. ಅವರ ಟ್ಯಾಬ್‌ನಲ್ಲಿ ಇದೇ ಕಾರ್ಯಕ್ರಮ. ಹೊರದೇಶದವರು ಬಂದದ್ದು ಸಾಕು ಅಂತ ಒಬ್ಬರು ಅಂದ್ರು, ಚಪ್ಪಾಳೆ ಬಿತ್ತು. ಅಜ್ಜ ನನ್ನ ಕೈ ತಟ್ಟಿ, "ನಿನ್ನ ಬಗ್ಗೆ ಅಲ್ಲಮ್ಮ" ಅಂದ್ರು. ನಕ್ಕು 130/80 ಅಂತ ಬರ್ಕೊಂಡೆ. ಹಾಗಾದ್ರೆ ಯಾರ ಬಗ್ಗೆ? ಕೇರ್ ಹೋಮಿನಲ್ಲಿ ದುಡಿಯೋ ನನ್ನ ಮಲಯಾಳಿ ಗೆಳತಿ ನೆನಪಾದ್ಲು. ಆ ವರ್ಷದ ಮಾರ್ಚ್‌ನಲ್ಲಿ ನಿಯಮ ಬದಲಾಯ್ತು, ಹೊಸದಾಗಿ ಬರೋ ಕೇರ್ ವರ್ಕರ್‌ಗಳು ಮಕ್ಕಳನ್ನ ಕರ್ಕೊಂಡು ಬರೋ ಹಾಗಿಲ್ಲ ಅಂತಾಯ್ತು. ಅವಳ ಮಗು ಕೋಟ್ಟಯಂನಲ್ಲಿ ಅಜ್ಜಿ ಜೊತೆ ಇದೆ.

ಭಾರತದ ಪಾಸ್‌ಪೋರ್ಟ್ ಇದ್ರೂ, ಕಾಮನ್‌ವೆಲ್ತ್ ಪ್ರಜೆಗಳು ಅಂತ ನಮಗಿಲ್ಲಿ ಓಟಿದೆ. ಜುಲೈ 4ಕ್ಕೆ ನೈಟ್ ಮುಗಿಸಿ, ಯೂನಿಫಾರ್ಮ್‌ನಲ್ಲೇ ಹೋಗಿ ಹಾಕಿ ಬಂದೆ. ಊರಲ್ಲಿ ಹಾಕ್ಬೇಕಂದ್ರೆ ವಿಮಾನ ಹತ್ತಿ ಬರ್ಬೇಕು.

ಈಗ ಅಸಲು ವಿಷಯ. ಟೀವಿ ಚರ್ಚೆ ಹಿಡ್ಕೊಂಡು ಅಪ್ಪ ಮತ್ತು ಎದುರು ಮನೆ ಮಾವ ಮಾತು ಬಿಟ್ಟು ನಾಲ್ಕು ತಿಂಗಳಾಯ್ತಂತೆ. ಅಮ್ಮ ಮೊನ್ನೆ ಹೇಳಿದ್ಲು. ನಾನು ವಿಮಾನ ಹತ್ತಿದ ದಿನ ಸೂಟ್‌ಕೇಸ್ ಹೊತ್ತಿದ್ದು ಅದೇ ಮಾವ. ಇಬ್ಬರಿಗೂ ಶುಗರ್, ಇಬ್ಬರೂ ಮಾತ್ರೆಗೆ ಒಂದೇ ಸಾಲಲ್ಲಿ ನಿಲ್ಲೋರು. ಆ ಸಾಲು ಯಾಕೆ ಅಷ್ಟುದ್ದ ಅಂತ ನಿಮ್ಮ ಆರು ಚೌಕದಲ್ಲಿ ಯಾರಾದ್ರೂ ಕೇಳಿದ್ರಾ ಅಂತ ಅಪ್ಪನ್ನ ಕೇಳ್ದೆ. ಉತ್ತರ ಬರಲಿಲ್ಲ, ಟೀವಿ ಸೌಂಡ್ ಮಾತ್ರ ಕಡಿಮೆ ಆಯ್ತು.

ನಮ್ಮ ಬೀದಿಯವರು ಯಾರಾದ್ರೂ ಇದನ್ನ ಓದ್ತಿದ್ರೆ, ಇಬ್ಬರನ್ನೂ ಒಂದು ಸಕ್ಕರೆ ಇಲ್ಲದ ಕಾಫಿಗೆ ಕೂರಿಸ್ರಪ್ಪ. ಟೀವಿ ಇಲ್ಲದ ಜಾಗದಲ್ಲಿ.