ಕಾಲ್ಚೆಂಡಿನ ನೆಪ, ವಿದ್ಯಾನಗರಿಯ ಆಯ್ಕೆ

ಪ್ರವಾಸವೆಂದರೆ ನಮ್ಮ ಮನೆತನಗಳಲ್ಲಿ ಬಹುಕಾಲ ಯಾತ್ರೆಯೆಂದೇ ಅರ್ಥವಿತ್ತು. ಕೂಡಲಸಂಗಮಕ್ಕೆ ಹೋಗಿಬರುವುದು, ಚಕ್ಕಡಿ ಕಟ್ಟಿಕೊಂಡು ಉಳವಿಯ ಚೆನ್ನಬಸವಣ್ಣನ ಜಾತ್ರೆಗೆ ಹೊರಡುವುದು, ಬೀಗರ ಊರಿನ ಮದುವೆ, ಮಠದ ಉತ್ಸವ, ಇಷ್ಟರಲ್ಲಿಯೇ ಹಿರಿಯರ ಸಂಚಾರವೆಲ್ಲ ಮುಗಿಯುತ್ತಿತ್ತು. ಇಂದಿನ ಮಕ್ಕಳು ಕೇಳುವುದು ಬೇರೆ. ಫುಟ್ಬಾಲ್ ಪಂದ್ಯ ನೋಡಲು ಒಂದೆರಡು ದಿನ ಹೊರಗೆ ಹೋಗೋಣವೆಂದು ಅವರು ಹಟ ಹಿಡಿದಾಗ ಮನೆಯಲ್ಲಿ ನಗೆಯೂ ಏಳುತ್ತದೆ, ಗೊಣಗಾಟವೂ ಏಳುತ್ತದೆ. ಆದರೆ ಹೋಗುವ ಊರನ್ನು ವಿವೇಕದಿಂದ ಆರಿಸಿದರೆ ಈ ಬಗೆಯ ಪ್ರವಾಸವೂ ಸಂಸಾರಕ್ಕೆ ಹಿತವನ್ನೇ ತರುತ್ತದೆಂಬುದು ನಮ್ಮ ಅನುಭವ. ಅದನ್ನು ಓದುಗ ಬಂಧುಗಳೊಡನೆ ಹಂಚಿಕೊಳ್ಳುವುದು ಈ ಬರಹದ ಉದ್ದೇಶ.

ಕಾಲ್ಚೆಂಡಾಟ ನಮ್ಮ ಭಾಗಕ್ಕೆ ಹೊಸತೇನೂ ಅಲ್ಲ. ಬೆಳಗಾವಿ ದಂಡಿನ ಊರು. ಮರಾಠಾ ಲಘು ಪದಾತಿದಳದ ಕೇಂದ್ರ ಇಲ್ಲಿಯೇ ಇದೆ. ಕ್ಯಾಂಪ್ ಪ್ರದೇಶದ ಹುಡುಗರಿಗೆ ಚೆಂಡು ಹುಟ್ಟಿನಿಂದಲೇ ಗೆಳೆಯ. ಸೇಂಟ್ ಪಾಲ್ಸ್ ಶಾಲೆಯ ಫಾದರ್ ಎಡ್ಡಿ ಸ್ಮಾರಕ ಪಂದ್ಯಾವಳಿಯ ದಿನಗಳಲ್ಲಿ ಊರಿನ ಶಾಲೆಗಳ ನಡುವೆ ಏಳುವ ಸ್ಪರ್ಧೆಯನ್ನು ಕಣ್ಣಾರೆ ನೋಡಿದವರೇ ಬಲ್ಲರು. ಟಿಳಕವಾಡಿಯ ಲೇಲೆ ಮೈದಾನದ ಸಂಜೆಗಳೂ ಹಾಗೆಯೇ. ಇತ್ತ ಖಾನಾಪುರದಿಂದ ಅನಮೋಡ ಘಟ್ಟ ಇಳಿದರೆ ಗೋವೆ. ಫುಟ್ಬಾಲನ್ನು ಉಸಿರಿನಂತೆ ಪ್ರೀತಿಸುವ ನಾಡು. ಹೀಗಿರುವಾಗ ನಮ್ಮ ಮಕ್ಕಳಿಗೆ ಈ ಆಟದ ಹುಚ್ಚು ಹಿಡಿದದ್ದರಲ್ಲಿ ಆಶ್ಚರ್ಯವೇನಿಲ್ಲ.

ಖಾನಾಪುರದ ಎರಡು, ಬೆಳಗಾವಿಯ ಎರಡು, ಹೀಗೆ ನಾಲ್ಕು ಮನೆಯವರು ನಾವು ಚಳಿಗಾಲಕ್ಕೊಮ್ಮೆ ಕೂಡಿ ಹೊರಡುವ ಪದ್ಧತಿ ಇಟ್ಟುಕೊಂಡಿದ್ದೇವೆ. ಹೋಗುವ ಊರಿನಲ್ಲಿ ಪಂದ್ಯವಿರಬೇಕು. ಜೊತೆಗೆ ಅದು ಕಾಲೇಜುಗಳಿರುವ ಊರಾಗಿರಬೇಕು. ಈ ಎರಡನೆಯ ಕಟ್ಟಳೆಯನ್ನು ಹಾಕಿದವರು ಹಿರಿಯರು. ಕಳೆದ ಸಲ ಅದಕ್ಕೆ ಇನ್ನಷ್ಟು ತೂಕ ಬಂದಿತ್ತು. ನಮ್ಮೊಳಗಿನ ಒಂದು ಮನೆಯ ಮಗಳು ಪಿ.ಯು.ಸಿ. ಎರಡನೆಯ ವರ್ಷದಲ್ಲಿದ್ದಳು. ಶಾಲೆಯ ತಂಡದಲ್ಲಿ ಗೋಲು ಕಾಯುವವಳು. ಮುಂದೆ ಅವಳನ್ನು ಓದಲು ಎಲ್ಲಿಗೆ ಕಳಿಸಬೇಕು, ಕಳಿಸಿದರೆ ಆಟ ಉಳಿಯುತ್ತದೆಯೇ, ಆಟವನ್ನೇ ನೆಚ್ಚಿದರೆ ಓದು ಉಳಿಯುತ್ತದೆಯೇ ಎಂಬ ಚಿಂತೆ ಆ ಮನೆಯಲ್ಲಿ ದಿನವೂ ನಡೆದಿತ್ತು. ತಂದೆಗೆ ಒಂದು ಮನಸ್ಸು, ತಾಯಿಗೆ ಇನ್ನೊಂದು. ಊರಿನ ಆಯ್ಕೆಯ ಮಾತು ಎತ್ತಿದಾಗ ಅವಳ ಅಜ್ಜಿ ಕೇಳಿದರು: "ಚೆಂಡು ಒದಿಯೂದು ನೋಡಾಕ ಅಷ್ಟು ದೂರ ಹೋಗಬೇಕೇನವಾ? ಇಲ್ಲೇ ನಮ್ಮೂರಾಗ ಒದಿತಾರಲ್ಲ?" ಮೊಮ್ಮಗಳು ತಟ್ಟನೆ ಉತ್ತರಿಸಿದಳು: "ಒದಿಯೂದು ನೋಡಾಕ ಅಷ್ಟ ಅಲ್ಲ ಆಯಿ, ಓದೂ ಊರು ನೋಡಾಕ." ಎಲ್ಲರೂ ನಕ್ಕೆವು. ಆದರೆ ಪ್ರವಾಸದ ನಿಜವಾದ ಉದ್ದೇಶ ಅಂದೇ ಗೊತ್ತಾಯಿತು.

ನಮ್ಮ ಮುಂದಿದ್ದ ಊರುಗಳು ಮೂರು: ಮಡಗಾಂವ, ಧಾರವಾಡ, ಕೊಲ್ಹಾಪುರ.

ಮಡಗಾಂವದ ಫತೋರ್ಡಾದಲ್ಲಿ 1989ರಲ್ಲಿ ತೆರೆದ ಜವಾಹರಲಾಲ ನೆಹರೂ ಕ್ರೀಡಾಂಗಣವಿದೆ. ಗೋವೆಯ ಡೆಂಪೊ ತಂಡ ಐದು ಬಾರಿ ರಾಷ್ಟ್ರೀಯ ಲೀಗ್ ಗೆದ್ದದ್ದನ್ನು ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ. 1962ರಲ್ಲಿ ಸ್ಥಾಪನೆಯಾದ ಚೌಗುಲೆ ಕಾಲೇಜು ಅದೇ ಊರಿನಲ್ಲಿದೆ. ಆಟಕ್ಕೆ ಇದಕ್ಕಿಂತ ಒಳ್ಳೆಯ ಊರು ಸಮೀಪದಲ್ಲಿ ಸಿಗದು. ಆದರೆ ಘಟ್ಟದ ದಾರಿ ಕಿರಿದು, ತಿರುವುಗಳು ಹಲವು. ಜೊತೆಯಲ್ಲಿ ವಯಸ್ಸಾದವರು ಮೂವರಿದ್ದರು. ಆದ್ದರಿಂದ ಮಡಗಾಂವವನ್ನು ಮುಂದಿನ ವರ್ಷಕ್ಕೆ ಇಟ್ಟುಕೊಂಡೆವು.

ಧಾರವಾಡವೆಂದರೆ ನಮ್ಮವರಿಗೆ ತವರುಮನೆಯಿದ್ದಂತೆ. 1917ರಲ್ಲಿ ಆರಂಭವಾದ ಕರ್ನಾಟಕ ಕಾಲೇಜು, ಅನಂತರದ ಕರ್ನಾಟಕ ವಿಶ್ವವಿದ್ಯಾಲಯ, ಡಿ.ಸಿ. ಪಾವಟೆಯವರಂಥ ಕುಲಪತಿಗಳು ಕಟ್ಟಿಬೆಳೆಸಿದ ಆವರಣ, ಮೃತ್ಯುಂಜಯಪ್ಪಗಳ ಮುರುಘಾಮಠದಲ್ಲಿ ಉಂಡು ಓದಿದ ತಲೆಮಾರುಗಳು, ಇವೆಲ್ಲ ಕಣ್ಣಮುಂದೆ ಬರುತ್ತವೆ. ಓದಿಗೆ ಧಾರವಾಡದ ಮಾತನ್ನು ಯಾರೂ ತೆಗೆದುಹಾಕಲಾರರು. ಆದರೆ ಆ ಊರಿನ ಕೀರ್ತಿ ಸಂಗೀತಕ್ಕೆ, ಸಾಹಿತ್ಯಕ್ಕೆ. ಫುಟ್ಬಾಲಿಗಾಗಿ ಅಲ್ಲಿಗೆ ಹೋಗೋಣವೆಂದರೆ ಮಕ್ಕಳು ಒಪ್ಪಲಿಲ್ಲ.

ಉಳಿದದ್ದು ಕೊಲ್ಹಾಪುರ. ಅದು ಕುಸ್ತಿಯ ಊರೆಂದು ಹಿರಿಯರೆಲ್ಲ ಬಲ್ಲರು. ಶಾಹು ಮಹಾರಾಜರು 1912ರಲ್ಲಿ ಕಟ್ಟಿಸಿದ ಖಾಸಬಾಗ ಮೈದಾನದ ಹೆಸರು ಕೇಳದ ಪೈಲವಾನನಿಲ್ಲ. ಆ ಊರಿನ ಫುಟ್ಬಾಲ್ ತಂಡಗಳ ಹೆಸರುಗಳಲ್ಲಿಯೂ ಗರಡಿಮನೆಯ ಮಣ್ಣಿನ ವಾಸನೆಯಿದೆ. ಪಾಟಾಕಡಿಲ ತಾಲೀಮ, ದಿಲಬಹಾರ ತಾಲೀಮ, ಖಂಡೋಬಾ ತಾಲೀಮ ಎಂದು ಓಣಿ ಓಣಿಯ ತಾಲೀಮುಗಳೇ ತಂಡ ಕಟ್ಟಿವೆ. ಒಂದೊಂದು ಓಣಿಗೆ ಒಂದೊಂದು ತಂಡ, ಒಂದೊಂದು ಬಣ್ಣ. 2017ರಲ್ಲಿ ಭಾರತದಲ್ಲಿ ನಡೆದ ಹದಿನೇಳು ವರ್ಷದೊಳಗಿನವರ ವಿಶ್ವಕಪ್ಪಿನಲ್ಲಿ ದೇಶಕ್ಕಾಗಿ ಆಡಿದ ಅನಿಕೇತ ಜಾಧವ ಇದೇ ಊರಿನವರು. ವಿದ್ಯೆಗೂ ಕೊರತೆಯಿಲ್ಲ: 1880ರಷ್ಟು ಹಳೆಯ ರಾಜಾರಾಮ ಕಾಲೇಜಿದೆ, 1962ರಲ್ಲಿ ಸ್ಥಾಪನೆಯಾದ ಶಿವಾಜಿ ವಿಶ್ವವಿದ್ಯಾಲಯವಿದೆ. ಬೆಳಗಾವಿಯಿಂದ ಹೆದ್ದಾರಿಯಲ್ಲಿ ಸುಮಾರು 110 ಕಿಲೋಮೀಟರು. ಎಲ್ಲರೂ ಒಪ್ಪಿದೆವು.

ಹೊರಡುವ ಮುನ್ನ ಮೂರು ಸಂಗತಿಗಳನ್ನು ನಿಶ್ಚಯಿಸಿಕೊಂಡೆವು. ಗಡಿಯ ವಿಷಯದಲ್ಲಿ ಬಿಸಿ ಏರಿದ ದಿನಗಳಲ್ಲಿ ಬಸ್ಸುಗಳೇ ನಿಂತುಹೋಗುತ್ತವೆ. ಅಂಥ ದಿನವಲ್ಲವೆಂದು ಮೊದಲು ವಿಚಾರಿಸಿಕೊಳ್ಳಬೇಕು. ಬೆಳಗಿನ ಲಿಂಗಪೂಜೆಗೆ ಅನುಕೂಲವಾಗುವ, ಶುದ್ಧ ಸಸ್ಯಾಹಾರದ ವಸತಿಯನ್ನು ಮುಂಚೆಯೇ ಗೊತ್ತುಮಾಡಬೇಕು. ಎರಡು ಹೊತ್ತಿನ ಬುತ್ತಿ ಮನೆಯಿಂದಲೇ ಹೊರಡಬೇಕು. ಕಡಕ ರೊಟ್ಟಿ, ಶೇಂಗಾ ಹಿಂಡಿ, ಮಾದಲಿ ಕಟ್ಟಿಕೊಂಡು ಒಂದು ಕ್ರೂಸರ್ ಗಾಡಿಯಲ್ಲಿ ನಸುಕಿನಲ್ಲಿಯೇ ಹೊರಟೆವು. ಖಾನಾಪುರದವರು ಹಿಂದಿನ ರಾತ್ರಿಯೇ ಬೆಳಗಾವಿಗೆ ಬಂದು ಉಳಿದಿದ್ದರು. ಸಂಕೇಶ್ವರ, ನಿಪ್ಪಾಣಿ, ಕಾಗಲ ದಾಟಿ ಹೊತ್ತೇರುವ ಮೊದಲೇ ಊರು ಸೇರಿದೆವು.

ಇಳಿಹೊತ್ತಿನಲ್ಲಿ ಶಾಹು ಕ್ರೀಡಾಂಗಣದಲ್ಲಿ ಪಂದ್ಯ. ಎರಡು ಓಣಿಗಳ ಜನವೆಲ್ಲ ಅಲ್ಲಿಯೇ ಸೇರಿತ್ತೇನೋ ಎಂಬಷ್ಟು ಗದ್ದಲ. ಸಂಬಳದ ಆಟಗಾರರಿಗಿಂತ ನೆರೆಮನೆಯ ಹುಡುಗನಿಗಾಗಿ ಕೂಗುವುದರಲ್ಲಿ ಬೇರೊಂದು ಸುಖವಿದೆ. ಪಕ್ಕದಲ್ಲಿ ಕುಳಿತ ವೃದ್ಧರೊಬ್ಬರು ನಮ್ಮ ಕನ್ನಡ ಕೇಳಿ, ತಮ್ಮ ಮನೆಮಾತೂ ಅದೇ ಎಂದು ಸಂತೋಷಪಟ್ಟರು. ಅವರು ಗಡಹಿಂಗ್ಲಜದ ಕಡೆಯವರು. ಆ ಊರಿನಲ್ಲಿಯೂ ಫುಟ್ಬಾಲಿನ ಪ್ರೀತಿ ಬಲು ದೊಡ್ಡದು, ಲಿಂಗಾಯತ ಮನೆಗಳೂ ಬಹಳ. ಭಾಷೆಯ ಹೆಸರಿನಲ್ಲಿ ನಡೆಯುವ ಜಗಳಗಳ ಸುದ್ದಿಯನ್ನಷ್ಟೇ ಪತ್ರಿಕೆಗಳಲ್ಲಿ ಓದಿದ್ದ ನಮ್ಮ ಮಕ್ಕಳಿಗೆ ಆ ಒಂದು ಗಂಟೆಯ ಮಾತುಕತೆ ದೊಡ್ಡ ಪಾಠವಾಯಿತು.

ಮರುದಿನ ಊರು ನೋಡಿದೆವು. ನಮ್ಮ ಮನಸ್ಸನ್ನು ತಟ್ಟಿದ್ದು ವಸತಿಗೃಹಗಳ ಇತಿಹಾಸ. ಹಳ್ಳಿಯ ಹುಡುಗನಿಗೆ ಪಟ್ಟಣದಲ್ಲಿ ಅನ್ನ ಮತ್ತು ನೆಲೆ ಸಿಗದಿದ್ದರೆ ಕಾಲೇಜು ಇದ್ದೂ ಇಲ್ಲದಂತೆ ಎಂಬುದನ್ನು ಶಾಹು ಮಹಾರಾಜರು ಅರಿತಿದ್ದರು. 1901ರಿಂದ ಮೊದಲಾಗಿ ಮರಾಠ, ಜೈನ, ಮುಸ್ಲಿಂ, ಲಿಂಗಾಯತ, ಹೀಗೆ ಬೇರೆ ಬೇರೆ ಸಮಾಜಗಳ ಮಕ್ಕಳಿಗೆ ವಿದ್ಯಾರ್ಥಿ ವಸತಿಗೃಹಗಳು ಅವರ ಆಶ್ರಯದಲ್ಲಿ ಎದ್ದವು. 1902ರಲ್ಲಿ ಸಂಸ್ಥಾನದ ನೌಕರಿಗಳಲ್ಲಿ ನೂರಕ್ಕೆ ಐವತ್ತನ್ನು ಹಿಂದುಳಿದವರಿಗೆ ಮೀಸಲಿಟ್ಟವರೂ ಅವರೇ. ನಮ್ಮ ಶರಣರು ದಾಸೋಹವೆಂದು ಕರೆದುದನ್ನು ಒಬ್ಬ ಅರಸರು ಆಡಳಿತದಲ್ಲಿ ನಡೆಸಿ ತೋರಿಸಿದರೆಂದು ನಮಗೆ ಅನಿಸಿತು.

ಅಲ್ಲಿಯೇ ಎರಡು ಮೂರು ವಿದ್ಯಾಸಂಸ್ಥೆಗಳನ್ನೂ ಕಂಡೆವು. ಹೋದಲ್ಲೆಲ್ಲ ಅಜ್ಜಿಯವರ ಪ್ರಶ್ನೆಗಳು ಎರಡೇ: ಊಟ ಮಾಡುವವರು ಯಾರು, ಸಂಜೆ ಬಾಗಿಲು ಹಾಕುವುದು ಎಷ್ಟು ಹೊತ್ತಿಗೆ. ಮೊಮ್ಮಗಳ ಪ್ರಶ್ನೆ ಒಂದೇ: ಹುಡುಗಿಯರು ಆಡಲು ಮೈದಾನ ಸಿಗುತ್ತದೆಯೇ. ಒಂದು ಸಂಸ್ಥೆಯ ಮೈದಾನ ಹಸುರಾಗಿ, ವಿಶಾಲವಾಗಿ ಕಣ್ಸೆಳೆಯುವಂತಿತ್ತು. ಆದರೆ ಸಂಜೆಯ ಹೊತ್ತು ಅದು ಹುಡುಗರಿಗೆ ಮೀಸಲೆಂದೂ, ಹುಡುಗಿಯರಿಗೆ ಒಳಾಂಗಣದಲ್ಲಿ ಕೇರಂ ಉಂಟೆಂದೂ ತಿಳಿಯಿತು. ಹುಡುಗಿ ಏನೂ ಮಾತಾಡಲಿಲ್ಲ. ಗೇಟು ದಾಟಿದ ಮೇಲೆ ಅಜ್ಜಿ ಅಂದರು: "ನೆಲಾ ಐತಿ, ಪಾಲು ಇಲ್ಲ." ಮುಂದಿನ ಸಂಸ್ಥೆಯಲ್ಲಿ ಮೈದಾನದ ಪ್ರಶ್ನೆಯನ್ನು ಅಜ್ಜಿಯವರೇ ಮೊದಲು ಕೇಳಿದರು. ಈ ಒಂದು ಬದಲಾವಣೆಗಾಗಿಯಾದರೂ ನಮ್ಮ ಪ್ರವಾಸ ಸಾರ್ಥಕವಾಯಿತು.

ಹಿಂದಿರುಗುವ ದಾರಿಯಲ್ಲಿ ಮಾತೆಲ್ಲ ಬೆಳಗಾವಿಯ ಸುತ್ತ ತಿರುಗಿತು. ನಮ್ಮ ಮನೆಬಾಗಿಲಲ್ಲಿಯೇ ಇರುವ ಈ ವಿದ್ಯಾನಗರಿ ಹೇಗೆ ಎದ್ದಿತೆಂಬುದು ಮಕ್ಕಳಿಗೆ ಪೂರ್ತಿ ಗೊತ್ತಿರಲಿಲ್ಲ. ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗಾಗಿ ಬಿಟ್ಟುಹೋದ ಶಿರಸಂಗಿ ಲಿಂಗರಾಜರ ಕಥೆ ಹೇಳಿದೆವು. 1916ರಲ್ಲಿ ಬಸವನಾಳ, ಸಾಖರೆ ಮೊದಲಾದ ಏಳು ಜನರು, ಸಪ್ತರ್ಷಿಗಳೆಂದು ನಾವು ಸ್ಮರಿಸುವವರು, ಒಂದು ಶಾಲೆಯಿಂದ ಕೆ.ಎಲ್.ಇ. ಸಂಸ್ಥೆಯನ್ನು ಆರಂಭಿಸಿದ್ದು, 1933ರಲ್ಲಿ ಲಿಂಗರಾಜ ಕಾಲೇಜು ತೆರೆದದ್ದು, ನಾಗನೂರು ರುದ್ರಾಕ್ಷಿಮಠದ ಪ್ರಸಾದನಿಲಯದಲ್ಲಿ ಸಾವಿರಾರು ಬಡಮಕ್ಕಳು ಉಂಡು ಓದಿದ್ದು, ಇವೆಲ್ಲ ನಿಪ್ಪಾಣಿಯಿಂದ ಬೆಳಗಾವಿಯವರೆಗೆ ಗಾಡಿಯಲ್ಲಿ ನಡೆದ ಅನುಭವ ಗೋಷ್ಠಿ. ಪರವೂರನ್ನು ಕಂಡ ಮೇಲೆಯೇ ನಮ್ಮ ಊರಿನ ಬೆಲೆ ಮಕ್ಕಳಿಗೆ ಹತ್ತಿತು.

ಹುಡುಗಿ ಈಗ ಬೆಳಗಾವಿಯ ಕಾಲೇಜೊಂದರಲ್ಲಿ ಓದುತ್ತಿದ್ದಾಳೆ. ವಾರದಲ್ಲಿ ಮೂರು ಸಂಜೆ ಹುಡುಗಿಯರಿಗೂ ಮೈದಾನ ಬಿಡುತ್ತಾರೆ. ಸದ್ಯ ತಂಡಕ್ಕೆ ಹನ್ನೊಂದು ಜನ ಸೇರಿಲ್ಲ; ಏಳು ಜನ ಆಡುತ್ತಾರೆ. ಖಾನಾಪುರ ಅಲ್ಲಿಗೆ 26 ಕಿಲೋಮೀಟರು, ರವಿವಾರ ಮನೆಗೆ ಬರುತ್ತಾಳೆ. ಕೈಗವಸು ಮತ್ತು ಬೂಟುಗಳನ್ನು ಕೊಡಿಸಿದ್ದು ಅಜ್ಜಿಯವರ ಪಿಂಚಣಿಯ ಹಣ. ಓದು ಮತ್ತು ಆಟ ಎರಡನ್ನೂ ಅವಳು ಸರಿದೂಗಿಸುತ್ತಾಳೆಯೇ ಎಂಬ ಚಿಂತೆ ತಂದೆತಾಯಿಗಳಿಗೆ ಇನ್ನೂ ಇದೆ. ಮೊದಲ ಪರೀಕ್ಷೆ ಮುಗಿಯುವವರೆಗೆ ಅದು ಇರುವಂಥದ್ದೇ.

ಬಂಧುಗಳೇ, ಮಕ್ಕಳು ಆಟದ ನೆಪದಲ್ಲಿ ಊರು ನೋಡಲು ಕರೆದಾಗ ಬೇಡವೆನ್ನಬೇಡಿ. ಬದಲಾಗಿ ಊರನ್ನು ಒಟ್ಟಿಗೆ ಕುಳಿತು ಆರಿಸಿ. ಕ್ರೀಡಾಂಗಣ ಎಷ್ಟು ದೊಡ್ಡದೆಂದು ಮಕ್ಕಳು ನೋಡಲಿ. ಅಲ್ಲಿ ಓದುವ ಬಡವನ ಮಗು ಎಲ್ಲಿ ಉಣ್ಣುತ್ತದೆ, ಎಲ್ಲಿ ಮಲಗುತ್ತದೆ ಎಂಬುದನ್ನು ನಾವು ನೋಡೋಣ. ಹೆಣ್ಣು ಗಂಡೆಂಬ ಭೇದವಿಲ್ಲದೆ ಎಲ್ಲರನ್ನೂ ಅನುಭವ ಮಂಟಪಕ್ಕೆ ಕರೆದ ಪರಂಪರೆ ನಮ್ಮದು. ಮೈದಾನದಲ್ಲಿಯೂ ಹೆಣ್ಣುಮಕ್ಕಳಿಗೆ ಪಾಲಿದೆಯೇ ಎಂದು ಕೇಳುವುದನ್ನು ಮರೆಯದಿರೋಣ. ಉಣಿಸುವ ಕೈಯೂ ಆಡಲು ಬಿಡುವ ಮನಸ್ಸೂ ಇರುವ ಊರೇ ನಿಜವಾದ ವಿದ್ಯಾನಗರಿ.